ಬಾಂಡೈ ತೀರ ಸಾರ್ವಜನಿಕರದ್ದಾದ ಬಗೆ

ಪ್ರಿಯ ಮಂಜುನಾಥ,

ನಿಮ್ಮೂರ ಕಡಲತೀರ ಸಾರ್ವಜನಿಕರಿಗೆ ಸಿಗಲಿ ಅಂತ ಕೊಡಲಿರುವ ಮನವಿಯ ಬಗ್ಗೆ, ತೀರದ ಗಿಡಗಳ ಬಗ್ಗೆ ಕೇಳುತ್ತಾ, ಸಿಡ್ನಿಯ ಬಾಂಡೈ ತೀರ ಮೊದಲಿಂದಲೂ ಸರಕಾರಿ ಜಾಗವೇ ಇದ್ದಿರಬೇಕು ಅಂತ ಬರೆದಿದ್ದೀಯ. ಅಲ್ಲ ಮಾರಾಯ, ಅದೂ ಒಂದು ಕಾಲಕ್ಕೆ ಖಾಸಗಿ ಸ್ವತ್ತು.

1809ರಲ್ಲಿ ರಸ್ತೆ ಕಟ್ಟಿಸುತ್ತಿದ್ದ ವಿಲಿಯಂ ರಾಬರ್ಟ್ಸ್‌ಗೆ ವಸಾಹತು ಸರಕಾರ ಅಲ್ಲಿ 200 ಎಕರೆ ಮಂಜೂರು ಮಾಡಿತು. ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ. ಅವರು ಬಂಡೆಯಲ್ಲಿ ಕೊರೆದ ಚಿತ್ರಗಳು ಉತ್ತರ ದಿಕ್ಕಿನ ಗಾಲ್ಫ್ ಮೈದಾನದಲ್ಲಿ ಈಗಲೂ ಇವೆ. ಉಬ್ಬರದ ಗೆರೆಯಿಂದ ಮೇಲಕ್ಕೆ 100 ಅಡಿ ಸರಕಾರ ತನಗೆ ಉಳಿಸಿಕೊಳ್ಳಬೇಕೆಂಬ ನಿಯಮ ಬಂದದ್ದು 1828ರಲ್ಲಿ. ಅದಕ್ಕೂ ಮುಂಚಿನ ಮಂಜೂರಾತಿಗೆ ಅದು ತಾಗಲಿಲ್ಲ. ಮುಂದಿನ ಜಗಳಕ್ಕೆಲ್ಲ ಈ ತಾರೀಕಿನ ವ್ಯತ್ಯಾಸವೇ ಮೂಲ.

1851ರಲ್ಲಿ ಎಡ್ವರ್ಡ್ ಸ್ಮಿತ್ ಹಾಲ್ ಮತ್ತು ಅವರ ಅಳಿಯ ಫ್ರಾನ್ಸಿಸ್ ಓಬ್ರಿಯನ್ ಆ ಜಾಗ ಕೊಂಡರು. ಓಬ್ರಿಯನ್ ಜನರನ್ನು ತೀರಕ್ಕೆ ಬಿಡುತ್ತಿದ್ದ, ಆದರೆ ಗದ್ದಲ ಹೆಚ್ಚಿದಾಗ ಬಾಗಿಲು ಹಾಕುತ್ತೇನೆಂದು ಬೆದರಿಸುತ್ತಿದ್ದ. ಅವನ ಮರ್ಜಿ ಇರುವವರೆಗೆ ಮಾತ್ರ ಜನರಿಗೆ ದಾರಿ. ಸ್ಥಳೀಯ ಆಡಳಿತವಾದ ವೇವರ್ಲಿ ಕೌನ್ಸಿಲ್ ಸರಕಾರದ ಬೆನ್ನು ಹತ್ತಿತು. ಕೊನೆಗೆ 1882ರಲ್ಲಿ ಸರಕಾರ 25 ಎಕರೆ ಸ್ವಾಧೀನಕ್ಕೆ ತೆಗೆದುಕೊಂಡು ಸಾರ್ವಜನಿಕ ಮೀಸಲು ಮಾಡಿತು. 1885ರಲ್ಲಿ ಕೌನ್ಸಿಲ್ ಅದರ ಟ್ರಸ್ಟಿಯಾಯಿತು. ಸ್ವಾಧೀನ, ಮೀಸಲು, ನೋಡಿಕೊಳ್ಳುವವರ ನೇಮಕ: ಮೂರೂ ಬೇರೆ ಬೇರೆ ಕೆಲಸ. ಮೂರನೆಯದು ಆಗದಿದ್ದರೆ ಕಸ ಎತ್ತುವವರೂ ಇಲ್ಲ, ಒತ್ತುವರಿ ತಡೆಯುವವರೂ ಇಲ್ಲ.

ಪಕ್ಕದ ತಮರಾಮ ತೀರದ ಕಥೆ ಇನ್ನೂ ಸ್ವಾರಸ್ಯ. 1906ರಲ್ಲಿ ಅಲ್ಲಿ ವಂಡರ್‌ಲ್ಯಾಂಡ್ ಸಿಟಿ ಎಂಬ ಮನರಂಜನಾ ಪಾರ್ಕ್ ತೆರೆದು, ತೀರಕ್ಕೆ ಅಡ್ಡವಾಗಿ ತಂತಿ ಬೇಲಿ ಎಳೆದರು. ಈಜಲು ಬರುವವರು ದೂರು ಕೊಟ್ಟರು. ಸರಕಾರ ಇಡೀ ಪಾರ್ಕನ್ನು ಕೊಳ್ಳಲಿಲ್ಲ. 1907ರಲ್ಲಿ ನೀರಿನ ಅಂಚಿಗೆ 12 ಅಡಿ ಅಗಲದ ಪಟ್ಟಿಯನ್ನಷ್ಟೇ ವಶಕ್ಕೆ ತೆಗೆದುಕೊಂಡು ದಾರಿ ಬಿಡಿಸಿತು. ಜಾಣ ಉಪಾಯವೇ, ಆದರೆ ಕಡಲು ಕೊರೆಯುವ ತೀರಕ್ಕೆ 12 ಅಡಿ ಯಾವ ಲೆಕ್ಕ? ಪಾರ್ಕು 1911ರಲ್ಲಿ ಮುಚ್ಚಿಹೋಯಿತು.

ಮೀಸಲು ಅಂತ ಗೆಜೆಟ್‌ನಲ್ಲಿ ಬರೆದ ಮಾತ್ರಕ್ಕೆ ಮರಳು ನಿಲ್ಲುವುದಿಲ್ಲ. ಬಾಂಡೈ ಹಿಂದಿನ ದಿಬ್ಬಗಳ ಮರಳು ಗಾಳಿಗೆ ಒಳನಾಡಿಗೆ ಹಾರುತ್ತಿತ್ತು. ಆಮೇಲೆ ತೀರದುದ್ದಕ್ಕೂ ಗೋಡೆ ಕಟ್ಟಿ ಹಿಂದೆ ಹುಲ್ಲುಹಾಸು ಮಾಡಿದರು. ಹುಲ್ಲಿನ ಪಾರ್ಕು ಉಳಿಯಿತು, ದಿಬ್ಬ ಹೋಯಿತು. ದಿಬ್ಬವಿದ್ದರೆ ಬಿರುಗಾಳಿಯ ಅಲೆ ಅದರ ಮರಳನ್ನು ಎಳೆದುಕೊಂಡು, ಶಾಂತವಾದಾಗ ಮರಳಿಸುತ್ತದೆ. ಗಟ್ಟಿ ಗೋಡೆಗೆ ಬಡಿದ ಅಲೆ ವಾಪಸಾಗುವಾಗ ಬುಡದ ಮರಳನ್ನೇ ಕೆರೆದೊಯ್ಯುತ್ತದೆ.

ಗಿಡದ ವಿಷಯ ಕೇಳಿದ್ದೆಯಲ್ಲ. ಸಿಡ್ನಿಯ ತೀರದಲ್ಲಿ ನಾರ್ಫೋಕ್ ದ್ವೀಪದ ಪೈನ್ ಮರ ನೆಟ್ಟಿದ್ದು ಅದು ಉಪ್ಪುಗಾಳಿಯನ್ನು ತಾಳಿಕೊಳ್ಳುತ್ತದೆ ಅಂತಲೇ. ಆದರೂ ಕಡಲ ಕಡೆಯ ರೆಂಬೆಗಳು ಒಣಗಿದವು. ಕೊಳಚೆನೀರಿನ ಜೊತೆ ಸಮುದ್ರ ಸೇರಿದ ಡಿಟರ್ಜೆಂಟ್ ತುಂತುರಿನಲ್ಲಿ ಬೆರೆತು ಎಲೆಗೆ ಅಂಟಿದರೆ, ಸಾಮಾನ್ಯವಾಗಿ ಜಾರಿಹೋಗುವ ಉಪ್ಪುನೀರು ಒಳಗಿಳಿಯುತ್ತದೆ. ಬಾಂಡೈ ಕೊಳಚೆಯನ್ನು ಆಳ ಸಮುದ್ರಕ್ಕೆ ಬಿಡುವ ಕೊಳವೆ ಶುರುವಾದದ್ದು 1991ರಲ್ಲಿ. ನಿಮ್ಮಲ್ಲೂ ಗಾಳಿಮರ ಒಣಗುತ್ತಿದ್ದರೆ ಗೊಬ್ಬರ ಸುರಿಯುವ ಮೊದಲು ಚರಂಡಿ ಎಲ್ಲಿ ಬಾಯಿಬಿಡುತ್ತದೆ ನೋಡು.

ಇನ್ನು ನಿಮ್ಮೂರ ಮನವಿ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಕಟ್ಟಡ ತಡೆಯುತ್ತದೆ, ಮಾಲೀಕತ್ವ ಬದಲಿಸುವುದಿಲ್ಲ. ಮೊದಲು ಪಹಣಿ ತೆಗೆಸು, ಪರಂಬೋಕು (ಸರಕಾರಿ ಜಾಗ) ಎಷ್ಟು, ಪಟ್ಟಾ (ಖಾಸಗಿ ಜಾಗ) ಎಷ್ಟು ನೋಡು. ಸರ್ವೆ ನಕ್ಷೆಯ ಮೇಲೆ ಉಬ್ಬರದ ಗೆರೆ ಗುರುತು ಹಾಕಿಸಿ, ರಸ್ತೆಯಿಂದ ಅಲ್ಲಿಗೆ ಕಾಲುದಾರಿ ಯಾರ ಸರ್ವೆ ನಂಬರಿನಲ್ಲಿ ಹಾದುಹೋಗುತ್ತದೆ ಅಂತ ಬರೆದು ಕಳಿಸು.

ನಿನ್ನ,
ಶ್ರೀಧರ