ಇಲಿಗಳ ಹಸಿವು: ಪೂರ್ತಿ ವಿಷಯ ಹೇಳಿ

ಮಾನ್ಯ ಸಂಪಾದಕರೇ,

ಲ್ಯೂಸಿನ್ ಎಂಬ ಅಮೈನೊ ಆಮ್ಲ (ಪ್ರೋಟೀನ್ ಕಟ್ಟುವ ತುಣುಕುಗಳಲ್ಲಿ ಒಂದು) ಹಸಿವನ್ನು ತಗ್ಗಿಸುತ್ತದೆ, ಇಲಿಗಳಲ್ಲಿ ಇದು ಗೊತ್ತಾಗಿದೆ ಎಂಬ ಬರಹ ನಿಮ್ಮ ಆರೋಗ್ಯ ಪುರವಣಿಯಲ್ಲಿ ಬಂದಿದೆ. ಮಾತು ಸುಳ್ಳಲ್ಲ. ಆದರೆ 2006ರಲ್ಲಿ ಅಮೆರಿಕದ ಸಿನ್ಸಿನಾಟಿಯ ವಿಜ್ಞಾನಿಗಳು ಲ್ಯೂಸಿನನ್ನು ಇಲಿಗಳಿಗೆ ತಿನ್ನಿಸಿರಲಿಲ್ಲ, ನೇರವಾಗಿ ಮಿದುಳಿನೊಳಕ್ಕೆ ಬಿಟ್ಟಿದ್ದರು. ಡಬ್ಬಿಯ ಪುಡಿಯನ್ನು ನೀರಿಗೆ ಕಲಸಿ ಕುಡಿಯುವುದೇ ಬೇರೆ, ಇದೇ ಬೇರೆ ಅಲ್ವಾ?

ಜಿಮ್‌ಗೆ ಹೋಗುವ ಹುಡುಗರು ಕೊಳ್ಳುವ ಬಿಸಿಎಎ ಎಂಬ ಪುಡಿಯಲ್ಲಿ ಇರುವುದು ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೊ ಆಮ್ಲಗಳು. ಈ ಮೂರನ್ನೂ ಮೇವಿನಲ್ಲೇ ಬೆರೆಸಿ ಕೊಟ್ಟ ಪ್ರಯೋಗವೂ ಇದೆ. ಸಿಡ್ನಿ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಅದನ್ನು ಪ್ರಕಟಿಸಿತು. ಮಾಮೂಲಿಗಿಂತ ಎರಡು ಪಟ್ಟು ಕೊಟ್ಟಾಗ ಮೌಸ್ ಜಾತಿಯ ಪುಟ್ಟ ಇಲಿಗಳು ಜಾಸ್ತಿ ತಿಂದವು. ಬೊಜ್ಜು ಬಂತು, ಆಯಸ್ಸೂ ಕಡಿಮೆಯಾಯಿತು. ಈ ಮೂರು ವಿಷವೇನಲ್ಲ. ಇವು ಹೆಚ್ಚಾದಾಗ ಟ್ರಿಪ್ಟೊಫ್ಯಾನ್, ಥ್ರಿಯೊನಿನ್ ಎಂಬ ಬೇರೆ ಅಮೈನೊ ಆಮ್ಲಗಳ ಪ್ರಮಾಣ ಹೋಲಿಕೆಯಲ್ಲಿ ತೀರಾ ತಗ್ಗಿತು, ಅಷ್ಟೇ. ಟ್ರಿಪ್ಟೊಫ್ಯಾನ್‌ನಿಂದ ಮಿದುಳು ಸೆರೊಟೋನಿನ್ ಎಂಬ ರಾಸಾಯನಿಕವನ್ನು ತಯಾರಿಸಿಕೊಳ್ಳುತ್ತದೆ. ಹೊಟ್ಟೆ ತುಂಬಿತು, ಸಾಕು ಅನ್ನಿಸುವುದರಲ್ಲಿ ಸೆರೊಟೋನಿನ್ ಪಾತ್ರ ದೊಡ್ಡದು.

ಇನ್ನೂ ಹಳೆಯ ಕೆಲಸವೊಂದನ್ನು ಹೇಳಲೇಬೇಕು. 1960ರ ದಶಕದಲ್ಲಿ ಆಲ್ಫ್ರೆಡ್ ಹಾರ್ಪರ್, ಕ್ವೆಂಟಿನ್ ರೋಜರ್ಸ್ ಮುಂತಾದ ವಿಜ್ಞಾನಿಗಳು ಪ್ರೋಟೀನ್ ಕಡಿಮೆ ಇರುವ ಮೇವಿಗೆ ಹಲವು ಅಮೈನೊ ಆಮ್ಲ ಸೇರಿಸಿ, ಅಗತ್ಯವಾದ ಒಂದನ್ನು ಮಾತ್ರ ಬಿಟ್ಟರು. ಮೇವು ಮೊದಲಿಗಿಂತ ಚೆನ್ನಾಗಿದೆ ಎಂದೇ ಯಾರಿಗಾದರೂ ಅನ್ನಿಸಬೇಕು. ಇಲಿ ಬಂತು, ಸ್ವಲ್ಪ ತಿಂದಿತು, ಬಿಟ್ಟಿತು. ಪಕ್ಕದಲ್ಲಿ ಪ್ರೋಟೀನೇ ಇಲ್ಲದ ಮೇವು ಇಟ್ಟರೆ ಅದನ್ನೇ ತಿನ್ನತೊಡಗಿತು! ಅದರಿಂದ ಬೆಳೆಯಲು ಸಾಧ್ಯವಿಲ್ಲದಿದ್ದರೂ ಸರಿ. ಹಸಿದ ಪ್ರಾಣಿ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ ಎಂಬ ನಮ್ಮ ನಂಬಿಕೆ ಇಲ್ಲಿ ಮುರಿದುಬೀಳುತ್ತದೆ. ಮುಂದೆ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಡೊರೊಥಿ ಗೀಟ್ಜನ್ ಮತ್ತು ಜೊತೆಗಾರರು ಮಿದುಳಿನಲ್ಲಿ ವಾಸನೆಗೆ ಸಂಬಂಧಿಸಿದ ಒಂದು ಸಣ್ಣ ಜಾಗಕ್ಕೆ, ಮೇವಿನಲ್ಲಿ ಕೊರತೆಯಿದ್ದ ಆಮ್ಲವನ್ನೇ ಎಳ್ಳಷ್ಟು ಬಿಟ್ಟು ನೋಡಿದರು. ಬೇಡವೆಂದಿದ್ದ ಮೇವನ್ನು ಇಲಿಗಳು ಹೆಚ್ಚು ತಿಂದವು.

ಹಾರ್ಪರ್ ತಂಡ ಮೇವಿಗೆ ಅಮೈನೊ ಆಮ್ಲ ಸೇರಿಸಿದಾಗ ಹಸಿವು ಕುಗ್ಗಿತು, ಸಿಡ್ನಿಯ ತಂಡ ಸೇರಿಸಿದಾಗ ಹಿಗ್ಗಿತು. ಎರಡರಲ್ಲೂ ಕೆಟ್ಟಿದ್ದು ಒಂದಕ್ಕೊಂದರ ಅಳತೆ. ಹೀಗಿರುವಾಗ ಒಂದೇ ಆಮ್ಲದ ಹೆಸರು ಹಿಡಿದು ಅದು ಹಸಿವು ತಗ್ಗಿಸುತ್ತದೆ ಎಂದು ಬರೆದರೆ ಓದುಗರು ಸುಮ್ನೆ ದುಡ್ಡು ಸುರಿಯುತ್ತಾರೆ.

ಇಲಿಗಳಲ್ಲಿ ಕಂಡದ್ದೆಲ್ಲ ನಮಗೂ ಹಾಗೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಇಂಥ ಸುದ್ದಿ ಹಾಕುವಾಗ ಪ್ರಯೋಗ ಯಾವ ಪ್ರಾಣಿಯ ಮೇಲೆ ನಡೆಯಿತು, ತಿನ್ನಿಸಿದರೋ ಮಿದುಳಿಗೆ ಬಿಟ್ಟರೋ, ಮೇವಿನಲ್ಲಿ ಬೇರೇನಿತ್ತು ಎಂಬುದನ್ನು ಎರಡು ಸಾಲಿನಲ್ಲಾದರೂ ದಯವಿಟ್ಟು ಬರೆಸಿ. ಸಿಡ್ನಿಯ ಪ್ರಯೋಗದ ಬಗ್ಗೆಯೂ ಅದೇ ಪುರವಣಿಯಲ್ಲಿ ಒಂದು ಬರಹ ಬರಲಿ ಎಂದು ಕೇಳಿಕೊಳ್ಳುತ್ತೇನೆ.

– ಜೀವರಸಾಯನಶಾಸ್ತ್ರದ ಉಪನ್ಯಾಸಕಿ, ದಾವಣಗೆರೆ