ಕೌಜುಗ ಕರೆಯುವ ಸ್ಪೀಕರನ್ನೂ ಜಪ್ತಿ ಮಾಡಿ

ಮಾನ್ಯ ಸಂಪಾದಕರೇ,

ನಾನು ಮಧುಗಿರಿ ತಾಲ್ಲೂಕು ಕೊಡಿಗೇನಹಳ್ಳಿ ಹೋಬಳಿಯವಳು. ಮೂರು ಎಕರೆ ಹೊಲ, ಎರಡು ಸೀಮೆಹಸು. ಅಂಗನವಾಡಿ ಕೆಲಸದಿಂದ ನಿವೃತ್ತಿಯಾಗಿದೆ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು, ಉದ್ದವಾದರೆ ಕತ್ತರಿಸಿಕೊಳ್ಳಿ.

ಕಡಲೆಕಾಯಿ ಕಿತ್ತ ಮೇಲೆ ನಮ್ಮ ಹೊಲದ ಬದುವಿಗೆ ಕೌಜುಗ ಬರುವುದು ಮಾಮೂಲಿ, ಕೋಳಿ ಜಾತಿಯ ಬೂದು ಬಣ್ಣದ ಕಾಡುಹಕ್ಕಿ ಅದು. ಗಡಿ ಆಚೆಯ ಆಂಧ್ರದವರು ಕೌಜು ಪಿಟ್ಟ ಅಂತಾರೆ. ಈ ಸಲ ಒಂದು ಬೆಳಗ್ಗೆ ಹಾಲು ಕರೆಯಲು ಕೂತಾಗ ಹೊಲದ ಕಡೆಯಿಂದ ‘ಕ-ಟೀ-ಟರ್, ಟೀ-ಟರ್’ ಅಂತ ಕೂಗು ಕೇಳಿತು. ಸಂತೋಷವೇ ಆಯಿತು. ಆದರೆ ಹಕ್ಕಿ ನಿಲ್ಲಿಸಲೇ ಇಲ್ಲ. ಇನ್ನೂ ಒಂದು ವಿಚಿತ್ರ, ಅದು ನಾಲ್ಕು ಸಲ ಕೂಗಿದ ಕೂಡಲೇ ದೂರದಲ್ಲಿ ಒಂದು ನಾಯಿ ಎರಡು ಸಲ ಬೊಗಳುತ್ತಿತ್ತು. ಮತ್ತೆ ನಾಲ್ಕು ಕೂಗು, ಮತ್ತೆ ಅದೇ ಎರಡು ಬೌ. ನಮ್ಮ ಮನೆ ನಾಯಿ ಅದಕ್ಕೆ ಉತ್ತರ ಕೊಟ್ಟು ಕೊಟ್ಟು ಸುಸ್ತಾಯಿತು. ಆಮೇಲೆ ಹೊಳೆಯಿತು, ಇದು ರೆಕಾರ್ಡು ಅಂತ. ಎಲ್ಲೋ ಹಕ್ಕಿ ಕೂಗಿದ್ದನ್ನು ಹಿಡಿದಿದ್ದಾರೆ, ಜೊತೆಗೆ ಆ ಊರಿನ ನಾಯಿಯೂ ಸಿಕ್ಕಿಬಿದ್ದಿದೆ.

ಟಾರ್ಚು ಹಿಡಿದು ಹೋದೆ. ಜಾಲಿ ಪೊದೆಯ ಬುಡದಲ್ಲಿ ಮುಷ್ಟಿಯಷ್ಟು ಗಾತ್ರದ ಬ್ಲೂಟೂತ್ ಸ್ಪೀಕರು, ಅದಕ್ಕೆ ಹಸಿರು ಬಟ್ಟೆ ಸುತ್ತಿದ್ದರು. ಸುತ್ತ ಮೊಣಕಾಲೆತ್ತರಕ್ಕೆ ಕಡ್ಡಿ ನೆಟ್ಟು ಬಲೆ ಕಟ್ಟಿದ್ದರು. ಎರಡು ಹಕ್ಕಿ ಆಗಲೇ ರೆಕ್ಕೆ ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದವು. ಇಬ್ಬರು ಹುಡುಗರು. ಒಬ್ಬನಂತೂ ನನ್ನ ಕೈಲೇ ಹಾಲಿನ ಪುಡಿ ಕಲಸಿ ಕುಡಿದವನು. ‘ಮಿಸ್, ಸುಮ್ನೆ ಎರಡು ಹಕ್ಕಿ ಅಷ್ಟೇ’ ಅಂದ. ಎರಡೂ ಬಿಡಿಸಿದೆ. ಒಂದು ಹಾರಿತು. ಇನ್ನೊಂದರ ಕಾಲು ಮುರಿದಿತ್ತು, ಓಡಲಾರದೆ ಪೊದೆಗೆ ತೆವಳಿಕೊಂಡು ಹೋಯಿತು.

ಆವತ್ತೇ ಸಂಬಂಧಪಟ್ಟವರಿಗೆ ಫೋನ್ ಮಾಡಿದೆ. ಬಂದ ಉತ್ತರ: ‘ಹಕ್ಕಿ ಸಮೇತ ಸಿಕ್ಕರೆ ಹೇಳಿ. ಸ್ಪೀಕರ್ ಇಟ್ಕೊಂಡ್ರೆ ತಪ್ಪೇನಮ್ಮಾ?’

ಆ ಮಾತಿಗೆ ಉತ್ತರ ಕೊಡೋಣ ಅಂತಲೇ ಈ ಪತ್ರ. ನನಗೆ ಈ ವಿಷಯ ಸ್ವಲ್ಪ ಜಾಸ್ತಿಯೇ ಗೊತ್ತು, ಎರಡು ಕಾರಣಕ್ಕೆ. ಒಂದು ನಮ್ಮಪ್ಪ. ಇನ್ನೊಂದು, ನಗಬೇಡಿ, ಅಮೆರಿಕ.

2023ರಲ್ಲಿ ಮಗಳ ಬಾಣಂತನಕ್ಕೆ ಮಿಸೌರಿ ರಾಜ್ಯಕ್ಕೆ ಹೋಗಿದ್ದೆ. ಊರಾಚೆ ಮನೆ, ಹಿಂದುಗಡೆ ಕಾಡು. ಪಕ್ಕದ ಮನೆಯ ಯಜಮಾನರು ನನಗಿಂತ ಹತ್ತು ವರ್ಷ ದೊಡ್ಡವರು. ಏಪ್ರಿಲ್ ಬಂತೆಂದರೆ ಅವರ ಜಗಲಿಯಿಂದ ಕೀಲು ಹೋದ ಬಾಗಿಲಿನ ಸದ್ದು. ಏನೆಂದು ಹೋಗಿ ನೋಡಿದರೆ ಗೇಣುದ್ದದ ಮರದ ಪೆಟ್ಟಿಗೆ. ಅದರ ಮುಚ್ಚಳಕ್ಕೆ ಒಂದು ತುದಿಯಲ್ಲಿ ಮಾತ್ರ ಮೊಳೆ. ಸೀಮೆಸುಣ್ಣ ಸವರಿ ಮುಚ್ಚಳವನ್ನು ಅಂಚಿನ ಮೇಲೆ ಎಳೆದರೆ ಕಾಡು ಟರ್ಕಿ ಕೋಳಿಯ ಹೆಣ್ಣು ಕೂಗಿದ ಹಾಗೇ ಬರುತ್ತದೆ. ಇನ್ನೊಂದು ಅಂಗೈಯಗಲದ ಸ್ಲೇಟಿನ ಬಿಲ್ಲೆ, ಕಡ್ಡಿಯಲ್ಲಿ ಗೀಚುವುದು. ಬಳಪ ಹಿಡಿದೇ ಕೂದಲು ಬೆಳ್ಳಗಾದ ನನಗೆ ಅದು ಮೊದಲ ದಿನವೇ ಒಲಿಯಿತು. ಮೂರನೆಯದನ್ನು ಬಾಯೊಳಗೆ ಅಂಗುಳಕ್ಕೆ ಒತ್ತಿಕೊಂಡು ಊದಬೇಕು, ಕುದುರೆ ಲಾಳದಂಥ ಚೌಕಟ್ಟಿಗೆ ತೆಳ್ಳಗಿನ ರಬ್ಬರ್ ಬಿಗಿದದ್ದು. ಅವರಿಗೆ ಅದೇ ಬೇಕು. ಏಕೆಂದರೆ ಅವರು ಬೇಟೆಯಾಡುವುದು ಬಿಲ್ಲಿನಲ್ಲಿ. ಬಿಲ್ಲು ಹಿಡಿದರೆ ಎರಡು ಕೈಯೂ ಖಾಲಿ ಇರುವುದಿಲ್ಲವಲ್ಲ.

ಒಂದು ದಿನ ಅಳಿಯನನ್ನೂ ನನ್ನನ್ನೂ ಕರೆದುಕೊಂಡು ಹೋದರು. ಇನ್ನೂ ಕತ್ತಲೆ. ಬಟ್ಟೆಯ ಪುಟ್ಟ ಗುಡಾರ, ಒಳಗೆಲ್ಲ ಕಪ್ಪು. ಸೀರೆ ಮೇಲೆ ಅಳಿಯನ ಕಪ್ಪು ಜಾಕೆಟ್ಟು ತೊಡಿಸಿದರು. ಕೈ ಬಳೆಗಳನ್ನು ಮೊಣಕೈವರೆಗೆ ಸರಿಸಿ ಮೇಲೆ ಮಫ್ಲರ್ ಸುತ್ತಿಸಿದರು. ಟರ್ಕಿ ಕೋಳಿಯ ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ಹೆಚ್ಚುಕಮ್ಮಿ ಸುತ್ತಲೂ ಕಾಣುತ್ತದಂತೆ, ಕಿವಿಯೂ ಚುರುಕಂತೆ. ಬಿಲ್ಲು ಸೆಳೆಯುವಾಗ ತೋಳು ಅಲ್ಲಾಡಿದರೆ ಸಾಕು, ಹೋಯಿತು. ಅದಕ್ಕೇ ಗುಡಾರ. ಹತ್ತು ಹೆಜ್ಜೆ ದೂರದಲ್ಲಿ ರಬ್ಬರಿನ ಒಂದು ಹೆಣ್ಣು ಗೊಂಬೆ, ಒಂದು ಎಳೆ ಗಂಡಿನ ಗೊಂಬೆ. ಗಂಡು ಬಂದು ಗೊಂಬೆ ಮುಂದೆ ಬಾಲ ಬಿಚ್ಚಿ ಬೀಸಣಿಗೆಯ ಹಾಗೆ ಅಗಲಿಸುತ್ತದೆ. ಅದು ತಿರುಗಿ ಬಾಲದ ಮರೆಗೆ ತಲೆ ಹೋದ ಕ್ಷಣದಲ್ಲಿ ಬಿಲ್ಲು ಸೆಳೆಯಬೇಕು. ಅಷ್ಟೇ ಸಮಯ.

ಗಂಡು ಇನ್ನೂ ಮರದ ಮೇಲಿರುವಾಗಲೇ ಗೊಳಗೊಳ ಅಂತ ಕೂಗಿತು. ಇವರು ಬಾಯಲ್ಲಿ ಮೂರೇ ಮೂರು ಸಲ, ನಿದ್ದೆಗಣ್ಣಿನ ಹೆಣ್ಣಿನ ಹಾಗೆ ಮೆಲ್ಲಗೆ ಕರೆದರು. ಟೋಪಿಯನ್ನು ತೊಡೆಗೆ ಬಡಿದರು, ಹೆಣ್ಣು ಮರದಿಂದ ಹಾರಿ ಇಳಿದ ಸದ್ದು ಬರಲಿ ಅಂತ. ಆಮೇಲೆ ಮೌನ. ನನಗೆ ತಡೆಯಲಾಗಲಿಲ್ಲ, ಇನ್ನೂ ಕರೆಯಬಾರದೇ ಅಂತ ಸನ್ನೆ ಮಾಡಿದೆ. ತಲೆ ಅಲ್ಲಾಡಿಸಿದರು. ಆ ಹಕ್ಕಿಗಳಲ್ಲಿ ಗಂಡು ಕೂಗುವುದು, ಹೆಣ್ಣು ಹುಡುಕಿಕೊಂಡು ಹೋಗುವುದು ವಾಡಿಕೆಯಂತೆ. ನಾವು ಅದನ್ನು ಉಲ್ಟಾ ಮಾಡುತ್ತಿದ್ದೇವೆ, ಹೆಣ್ಣು ಕರೆಯುತ್ತದೆ, ಗಂಡು ಬರಲಿ ಅನ್ನುತ್ತೇವೆ. ಜಾಸ್ತಿ ಕರೆದರೆ ಅದು ನಿಂತಲ್ಲೇ ನಿಂತು ಬಾಲ ಬಿಚ್ಚಿ, ‘ಬಾ ನೀನೇ’ ಅನ್ನುತ್ತದೆ.

ಹಾಗೇ ಆಯಿತು. ನಲವತ್ತು ಗಜದಲ್ಲಿ ಬಂದು ನಿಂತಿತು. ತಲೆ ಕೆಂಪು ನೀಲಿ, ಎದೆಯಿಂದ ಕುದುರೆ ಕೂದಲಿನಂಥ ಗಡ್ಡ ಜೋತುಬಿದ್ದಿತ್ತು. ಇವರು ಕೂಗಲಿಲ್ಲ. ಗುಡಾರದ ಅಂಚಿನಿಂದ ಕೈ ಹೊರಗೆ ಹಾಕಿ ಒಣಗಿದ ಎಲೆ ಕೆರೆದರು, ಕೋಳಿ ಕೆದಕುವ ಹಾಗೆ. ಅದು ಇನ್ನೂ ಸ್ವಲ್ಪ ಹತ್ತಿರ ಬಂತು, ಗೊಂಬೆಯನ್ನು ನೋಡಿತು, ಏನೋ ಸರಿಹೋಗಲಿಲ್ಲ, ಹೊರಟುಹೋಯಿತು. ಕೋವಿ ಇದ್ದಿದ್ದರೆ ಸಿಗುತ್ತಿತ್ತು, ಬಿಲ್ಲಿಗೆ ಇಪ್ಪತ್ತು ಗಜದೊಳಗೆ ಬರಬೇಕು ಅಂದರು. ಬೇಜಾರಂತೂ ಕಾಣಲಿಲ್ಲ. ಫ್ಲಾಸ್ಕ್ ತೆಗೆದು ಕಾಫಿ ಕೊಟ್ಟರು. ಕಾಫಿ ಮಾತ್ರ ಬರೀ ನೀರು.

ನಾನು ಅಳಿಯನ ಕೈಲಿ ಕೇಳಿಸಿದೆ: ಮೊಬೈಲಿನಲ್ಲೇ ಹಾಕಬಹುದಲ್ಲ, ಇಷ್ಟು ಕಷ್ಟ ಯಾಕೆ? ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಅಲ್ಲಿ ಟರ್ಕಿ ಬೇಟೆಗೆ ರೆಕಾರ್ಡು ಮಾಡಿದ ಕೂಗು ಕಾನೂನಿಗೆ ವಿರುದ್ಧ. ಜೀವಂತ ಹಕ್ಕಿಯನ್ನು ಕಟ್ಟಿ ಕರೆಸುವುದೂ ವಿರುದ್ಧ. ಕಾಳು ಚೆಲ್ಲಿ ಕರೆಸುವ ಹಾಗಿಲ್ಲ. ವಸಂತದಲ್ಲಿ ಮೂರು ವಾರ, ಆ ವರ್ಷ ಮಧ್ಯಾಹ್ನ 1 ಗಂಟೆಯವರೆಗೆ, ಒಬ್ಬರಿಗೆ ಗಡ್ಡ ಇರುವ ಎರಡೇ ಹಕ್ಕಿ. ಹೊಡೆದರೆ ಅದೇ ರಾತ್ರಿ 10 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು. ಒಂದು ಕಾಲಕ್ಕೆ ಆ ರಾಜ್ಯದಲ್ಲಿ ಈ ಹಕ್ಕಿ ಇಲ್ಲವೆನ್ನುವಷ್ಟು ಕಡಿಮೆಯಾಗಿತ್ತಂತೆ. ಇರುವ ಕಡೆಯಿಂದ ಹಿಡಿದು ತಂದು ಬೇರೆ ಕಾಡುಗಳಿಗೆ ಬಿಟ್ಟು ಬೆಳೆಸಿ, 1960ರಲ್ಲಿ ಮತ್ತೆ ಬೇಟೆಗೆ ಅವಕಾಶ ಕೊಟ್ಟಾಗ ಕೊಟ್ಟದ್ದು ಮೂರೇ ದಿನ.

ಇನ್ನು ನಮ್ಮಪ್ಪನ ವಿಷಯ. ಅವರೂ ಕೌಜುಗ ಹಿಡಿಯುತ್ತಿದ್ದರು, ಮುಚ್ಚಿಡುವುದಿಲ್ಲ. ಬಿದಿರಿನ ಪಂಜರದಲ್ಲಿ ಸಾಕಿದ ಗಂಡು ಹಕ್ಕಿ. ದೀವದ ಹಕ್ಕಿ ಅಂತ ಅಜ್ಜಿ ಅನ್ನುತ್ತಿದ್ದರು. ಅದಕ್ಕೆ ಗೆದ್ದಲು ತರುವ ಕೆಲಸ ನನ್ನದು. ತಿಪ್ಪೆ ಹತ್ತಿರ ಒಣಗಿದ ಸಗಣಿ ಹೆಂಟೆ ಎತ್ತಿ ಪಂಜರದ ಮೇಲೆ ಬಡಿದರೆ ಬಿಳಿ ಹುಳು ಉದುರುತ್ತಿತ್ತು. ಅದು ಕುಟುಕುವ ಟಕಟಕ ಸದ್ದು ಈಗಲೂ ಕಿವಿಯಲ್ಲಿದೆ. ಬೆಳಗ್ಗೆ ಪಂಜರ ಪೊದೆಯಲ್ಲಿಟ್ಟರೆ ನಮ್ಮ ಹಕ್ಕಿ ಕೂಗುತ್ತಿತ್ತು. ‘ನನ್ನ ಜಾಗಕ್ಕೆ ಯಾವನೋ ಬಂದ’ ಅಂತ ಅಲ್ಲಿನ ಗಂಡು ಜಗಳಕ್ಕೆ ಓಡಿ ಬರುತ್ತಿತ್ತು, ಹಿಂದೆ ಹೆಣ್ಣೂ. ಸುತ್ತ ಕುದುರೆ ಬಾಲದ ಕೂದಲಿನ ಉರುಲು. ಟರ್ಕಿ ಬರುವುದು ಹೆಣ್ಣಿನ ಆಸೆಗೆ, ಕೌಜುಗ ಬರುವುದು ರೋಷಕ್ಕೆ. ಅದಕ್ಕೇ ನಮ್ಮ ಹಕ್ಕಿ ನಲವತ್ತು ಗಜದಲ್ಲಿ ನಿಂತು ಯೋಚಿಸುವುದಿಲ್ಲ, ನೇರ ಬಲೆಗೆ ನುಗ್ಗುತ್ತದೆ. ಅಪ್ಪನ ಹಕ್ಕಿಯಾದರೋ ಬಿಸಿಲೇರಿದರೆ ಬಾಯಿ ಮುಚ್ಚುತ್ತಿತ್ತು. ಕೆಲವು ದಿನ ಬೇಸರಕ್ಕೆ ಕೂಗುತ್ತಲೇ ಇರಲಿಲ್ಲ. ಅಪ್ಪ ಬೈದುಕೊಂಡು ವಾಪಸ್ ಬರುತ್ತಿದ್ದರು. ಸ್ಪೀಕರಿಗೆ ಬಿಸಿಲೂ ಇಲ್ಲ, ಬೇಸರವೂ ಇಲ್ಲ, ಚಾರ್ಜ್ ಇರುವವರೆಗೆ ಕೂಗುತ್ತದೆ. ರಾತ್ರಿ ಲಾವಕ್ಕಿಗೂ ಇದೇ ಯಂತ್ರ.

ಅಪ್ಪ ಮಾಡಿದ್ದು ಸರಿ ಅಂತಲ್ಲ. 1972ರ ವನ್ಯಜೀವಿ ಕಾಯ್ದೆ ಅನ್ನುವುದೊಂದು ಇದೆ ಅಂತ ನಮ್ಮೂರಿಗೆ ಗೊತ್ತಾಗಲು ಬಹಳ ವರ್ಷ ಹಿಡಿಯಿತು. ಗೊತ್ತಾದ ಮೇಲೆ ಪಂಜರ ಅಟ್ಟಕ್ಕೆ ಹೋಯಿತು. ಈಗ ಆ ಕಾಯ್ದೆಯನ್ನೇ ಫೋನಿನಲ್ಲಿ ಮಾತಾಡಿದವರಿಗೆ ನೆನಪಿಸಬೇಕಾಗಿದೆ. ಅದರ ಪ್ರಕಾರ ಬೇಟೆ ಎಂದರೆ ಕೊಲ್ಲುವುದು ಮಾತ್ರ ಅಲ್ಲ. ಹಿಡಿಯುವುದು, ಉರುಲು ಹಾಕುವುದು, ಬಲೆ ಒಡ್ಡುವುದು, ಆಮಿಷ ತೋರಿಸುವುದು, ಇವುಗಳ ಪ್ರತಿಯೊಂದು ಪ್ರಯತ್ನವೂ ಬೇಟೆಯೇ. ಬಲೆಯ ನಡುವೆ ಕೂಗುತ್ತಿರುವ ಸ್ಪೀಕರು ಪ್ರಯತ್ನ ಅಲ್ಲದೆ ಇನ್ನೇನು? ಹಕ್ಕಿ ಸಾಯುವವರೆಗೆ ಕಾಯಬೇಕೇ? ಬೇಟೆಗೆ ಲೈಸೆನ್ಸ್ ಕೊಡುವ ದೇಶದಲ್ಲೇ ರೆಕಾರ್ಡಿನ ಕೂಗು ತಪ್ಪು ಅನ್ನುವಾಗ, ಬೇಟೆಯೇ ಇಲ್ಲದ ನಮ್ಮಲ್ಲಿ ಅದು ‘ತಪ್ಪೇನಮ್ಮಾ’ ಆಗುವುದು ಹೇಗೆ?

ನಮ್ಮ ಹೋಬಳಿಯಲ್ಲೇ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ ಇದೆ, 798 ಎಕರೆ. ಅರಣ್ಯ ಇಲಾಖೆಯವರು ಅಲ್ಲಿ ಜಿಂಕೆ ಮೇಲೆ ಕಣ್ಣಿಟ್ಟ ಹಾಗೆ ಆಚೆಯ ಕಡಲೆಕಾಯಿ ಹೊಲಗಳ ಮೇಲೂ ಇಡಲಿ. ಅಕ್ಟೋಬರಿನಿಂದ ಜನವರಿವರೆಗೆ ಬೆಳಗ್ಗೆ 5ರಿಂದ 7 ಗಂಟೆ, ವಾರಕ್ಕೆ ಎರಡು ದಿನ ಗಸ್ತು ಬಂದರೂ ಸಾಕು. ಬಲೆಯ ಜೊತೆ ಸ್ಪೀಕರು, ಮೊಬೈಲು ಎರಡೂ ಜಪ್ತಿಯಾಗಲಿ. ಮೊಬೈಲು ಹೋದರೆ ನಮ್ಮ ಹುಡುಗರಿಗೆ ಜೈಲಿಗಿಂತ ಜಾಸ್ತಿ ನೋಯುತ್ತದೆ. ಕ್ಯಾಮೆರಾ ಹಿಡಿದು ಕಾರಿನಲ್ಲಿ ಬರುವ ಅಣ್ಣಂದಿರಿಗೂ ಒಂದು ಮಾತು. ನೀವೂ ಫೋಟೊಗೋಸ್ಕರ ಮೊಬೈಲಿನಲ್ಲಿ ಕೂಗು ಹಾಕುವುದನ್ನು ಕಂಡಿದ್ದೇನೆ. ಹಕ್ಕಿ ಮರಿ ಬಿಟ್ಟು ಜಗಳಕ್ಕೆ ಬರುತ್ತದೆ, ನಿಮಗೆ ಒಳ್ಳೆ ಫೋಟೊ ಸಿಗುತ್ತದೆ. ನಿಮ್ಮನ್ನು ನೋಡಿಯೇ ನಮ್ಮ ಹುಡುಗರು ಕಲಿತದ್ದೋ ಏನೋ.

ಆ ಹುಡುಗ ಮೊನ್ನೆ ಡೇರಿ ಹತ್ತಿರ ಸಿಕ್ಕಿದ್ದ. ಮುಖ ತಿರುಗಿಸಿಕೊಂಡು ಹೋದ. ಅವನ ತಾಯಿಯೂ ನಾನೂ ಒಂದೇ ಸಂಘದಲ್ಲಿ ಇದ್ದೇವೆ, ಆದ್ದರಿಂದ ದಯವಿಟ್ಟು ನನ್ನ ಹೆಸರು ಹಾಕಬೇಡಿ. ಕಾಲು ಮುರಿದ ಕೌಜುಗ ನಾಲ್ಕು ದಿನ ಪೊದೆಯ ಸುತ್ತ ಕಾಣಿಸಿತು. ಹೆಂಟೆ ಒಡೆದು ಗೆದ್ದಲು ಹಾಕಿ ಬರುತ್ತಿದ್ದೆ. ಐದನೇ ದಿನ ಗೆದ್ದಲು ಹಾಗೇ ಇತ್ತು.

ಇಂತಿ,
ಒಬ್ಬ ಓದುಗಳು
ಕೊಡಿಗೇನಹಳ್ಳಿ ಹೋಬಳಿ, ಮಧುಗಿರಿ ತಾಲ್ಲೂಕು, ತುಮಕೂರು ಜಿಲ್ಲೆ