ರಾಮಪತ್ರೆ ಕೊಡಗಿಗೆ ಹೊರಡುವ ಮೊದಲು

ಚಿ. ವಾಣಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಕಡೆಯ ಸುದ್ದಿ ನಿನ್ನಪ್ಪ ಫೋನಿನಲ್ಲಿ ಹೇಳಿರುತ್ತಾನೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಕೊನೆಯ ಸಾಲು ಮಾತ್ರ ಎರಡು ದಿನದಿಂದ ತಲೆ ಬಿಟ್ಟು ಹೋಗುತ್ತಿಲ್ಲ. "ಉತ್ತರ ಕನ್ನಡದ ಸಿದ್ದಾಪುರದ ರಾಮಪತ್ರೆ ಬೀಜವನ್ನು ಕೊಡಗಿನ ಹಳ್ಳಕ್ಕೆ ಒಯ್ಯುತ್ತಿದ್ದೇವೆ ದೊಡ್ಡಪ್ಪ, ನಾಳೆ ಇದೂ ಅಕೇಶಿಯಾದ ಹಾಗೆ ಹಬ್ಬಿ ಕಳೆಯಾದರೆ?"

ಈ ಹೆದರಿಕೆ ನಮಗೆ ಬರಬೇಕಿತ್ತು. ದನ ತಿನ್ನುವುದಿಲ್ಲ, ಬೇಗ ಬೆಳೆಯುತ್ತದೆ, ಬೋಳುಗುಡ್ಡ ಹಸಿರಾಗುತ್ತದೆ ಎಂದು ಆಸ್ಟ್ರೇಲಿಯಾದ ಮರವನ್ನು 1980ರ ದಶಕದಲ್ಲಿ ಸಾಲುಗಟ್ಟಿ ನೆಟ್ಟೆವು. ಅದರ ಬೀಜ ಎಲ್ಲಿಗೆ ಹೋಗುತ್ತದೆ ಎಂದು ನಾನೂ ಕೇಳಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಆದರೆ ರಾಮಪತ್ರೆ, ಜಾಯಿಕಾಯಿ ಬಳಗದ ಈ ಕಾಡುಮರ, ಆ ಗುಣದ್ದಲ್ಲ. ಕಳೆಯಾಗುವ ಮರ ಬಿಸಿಲಿಗೆ ನುಗ್ಗುತ್ತದೆ, ಕೆಲವೇ ವರ್ಷಕ್ಕೆ ರಾಶಿ ಬೀಜ ಬಿಡುತ್ತದೆ, ಆ ಬೀಜ ಮಣ್ಣಿನಲ್ಲಿ ಕಾದು ಕೂರುತ್ತದೆ. ಬಂಡೀಪುರ, ನಾಗರಹೊಳೆಯಲ್ಲಿ ಈಗ ಹಬ್ಬುತ್ತಿರುವ ಸೆನ್ನಾ ಸ್ಪೆಕ್ಟಾಬಿಲಿಸ್ ಹಾಗೆ. ರಾಮಪತ್ರೆ ನೆರಳಲ್ಲಿ ನಿಧಾನಕ್ಕೆ ಏಳುತ್ತದೆ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ದಪ್ಪ ಬೀಜವನ್ನು ಮಂಗಟ್ಟೆಯಂಥ ದೊಡ್ಡ ಹಕ್ಕಿಯೇ ಒಯ್ಯಬೇಕು, ಒಣಗಿದರೆ ಬೀಜ ಸತ್ತಿತು. ಮೇಲಾಗಿ ಇದು ಕೊಂಕಣದಿಂದ ಕೇರಳದವರೆಗೆ ಘಟ್ಟದುದ್ದಕ್ಕೂ ಇರುವ ಮರ. ಕೊಡಗಿಗೆ ನೀನು ಒಯ್ಯುತ್ತಿರುವುದು ಬೇರೆ ಊರಿನ ಬೀಜವನ್ನು, ಬೇರೆ ಜಾತಿಯನ್ನಲ್ಲ. ಇದೇ ಬಳಗದ ಇನ್ನೊಂದು ಮರ, ಜಡ್ಡಿಯೊಳಗೇ (ಕಾಡಿನ ಜೌಗಿನಲ್ಲೇ) ಕಾಲುಬೇರು ಊರಿ ನಿಲ್ಲುವ ಮಿರಿಸ್ಟಿಕಾ ಮ್ಯಾಗ್ನಿಫಿಕಾ, ಉತ್ತರ ಕನ್ನಡದಲ್ಲೂ ದಕ್ಷಿಣ ಕೇರಳದಲ್ಲೂ ಇದೆ, ನಡುವಿನ ಹರವು ಬಹುಪಾಲು ಖಾಲಿ. ಅದನ್ನು ಈ ಸಲ ಮುಟ್ಟಬೇಡ.

ಹವಾಮಾನ ಬಿಸಿಯಾಗುತ್ತಿದೆ ಎಂದು ತಂಪು ದೇಶಗಳಲ್ಲಿ ಬೀಜವನ್ನು ಉತ್ತರಕ್ಕೆ ಒಯ್ಯುತ್ತಾರೆ. ನಮ್ಮ ಘಟ್ಟದಲ್ಲಿ ಉತ್ತರಕ್ಕೆ ಹೋದಷ್ಟೂ ಮಳೆಯಿಲ್ಲದ ತಿಂಗಳು ಹೆಚ್ಚು. ಹಾಗಾಗಿ ಇಲ್ಲಿ ಉತ್ತರದ ಬೀಜ ತೆಂಕಲಿಗೆ ಹೋಗಬೇಕು. ಕೊಡಗಿಗೆ ನಾಳೆ ಬರಬಹುದಾದ ಬೇಸಿಗೆ ಸಿದ್ದಾಪುರದ ಮರಕ್ಕೆ ಇವತ್ತೇ ಗೊತ್ತು. ಆದರೆ ಮಡಿಕೇರಿಯ ಎತ್ತರಕ್ಕೆ ಒಮ್ಮೆಲೇ ಹತ್ತಿಸಬೇಡ. 100 ಮೀಟರ್ ಮೇಲೇರಿದರೆ ಸುಮಾರು 0.6 ಡಿಗ್ರಿ ತಂಪು. 500 ಮೀಟರ್ ಜಿಗಿದರೆ ಮೂರು ಡಿಗ್ರಿ, ಎಳೆ ಸಸಿಗೆ ಅದು ವಿಪರೀತ. ಕೆನಡಾದ ಬ್ರಿಟಿಷ್ ಕೊಲಂಬಿಯಾದವರು ಬೀಜ ಒಯ್ಯುವ ನಿಯಮ ಸಡಿಲಿಸಿದಾಗಲೂ ಹೆಚ್ಚಿನ ಜಾತಿಗಳಿಗೆ ಎತ್ತರದ ಮಿತಿಯನ್ನು 100ರಿಂದ 200 ಮೀಟರಷ್ಟೇ ಮೇಲಕ್ಕೆ ಏರಿಸಿದರು.

ಮತ್ತೆ ನಿನ್ನ ಮಾತಿಗೇ ಬರುತ್ತೇನೆ. ನನಗೆ ಮರಕ್ಕಿಂತ ಅದರ ಬುಡದ ಮಣ್ಣಿನ ಭಯ ಜಾಸ್ತಿ. ಯುರೋಪಿನ ಆ್ಯಶ್ ಮರಗಳನ್ನು ಒಣಗಿಸುತ್ತಿರುವ ಶಿಲೀಂಧ್ರ ಪೂರ್ವ ಏಷ್ಯಾದ್ದು. ಅಲ್ಲಿನ ಆ್ಯಶ್ ಜಾತಿಗಳಿಗೆ ಅದರಿಂದ ಅಂಥ ತೊಂದರೆಯಿಲ್ಲ. ಇಂಗ್ಲೆಂಡಿನಲ್ಲಿ 2012ರಲ್ಲಿ ಅದು ಮೊದಲು ಕಂಡದ್ದು ನರ್ಸರಿಗೆ ಹೊರಗಿನಿಂದ ತಂದ ಸಸಿಗಳಲ್ಲಿ. ನಮ್ಮ ಅಡಕೆಗೆ ಕೊಳೆ ತರುವ ಫೈಟಾಫ್ತೊರದ ಬಳಗ ಒದ್ದೆ ಮಣ್ಣಿನ ಜೊತೆ ಎಲ್ಲಿಗಾದರೂ ಹೋಗುತ್ತದೆ. ಯುಪಟೋರಿಯಂ ಕಳೆಯ ಬೀಜವೂ ಅದೇ ಮಣ್ಣಲ್ಲಿ ಇರುತ್ತದೆ.

ಅದಕ್ಕೇ, ನೀನು ಈಗಾಗಲೇ ಯೋಚಿಸಿರಬಹುದು ಆದರೂ ಹೇಳುತ್ತೇನೆ, ಚೀಲದ ಸಸಿ ಒಯ್ಯಬೇಡ, ಬೀಜ ಒಯ್ಯಿ. ಕಾಯಿ ಬಾಯಿ ಬಿಟ್ಟ ಕೂಡಲೇ ಆರಿಸಿ, ಬೀಜಕ್ಕೆ ಸುತ್ತಿದ ಪತ್ರೆ ಬಿಡಿಸಿ, ತೊಳೆದು, ನೀರಲ್ಲಿ ತೇಲುವುದನ್ನು ಎಸೆದು, ಉಳಿದದ್ದನ್ನು ಒದ್ದೆ ತೆಂಗಿನ ನಾರಿನ ಪುಡಿಯಲ್ಲಿ ತೂತಿರುವ ಡಬ್ಬಿಗೆ ತುಂಬು. ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಬೂಸ್ಟು ಬರುತ್ತದೆ, ಫ್ರಿಜ್ಜಿನ ಚಳಿಗೆ ಮೊಳಕೆಯೇ ಸಾಯುತ್ತದೆ. ವಾರದೊಳಗೆ ಅಲ್ಲಿನ ಮರಳಿಗೆ ಬೀಳಬೇಕು. ಮೊಳೆಯಲು ತಿಂಗಳು ದಾಟಿದರೆ ಗಾಬರಿಯಾಗಿ ಕೆದಕಬೇಡ.

ಒಂದೇ ಮರದ ಕೆಳಗೆ ಬಗ್ಗಿ ಚೀಲ ತುಂಬಿಸಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಎರಡು ಮೂರು ಹಳ್ಳಗಳಿಂದ 25–30 ತಾಯಿಮರ ಹಿಡಿ, ಒಂದೊಂದರಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಮುಟ್ಟಬೇಡ. ಉಳಿದದ್ದು ಮಂಗಟ್ಟೆಗೆ. ಅರಣ್ಯ ಇಲಾಖೆಯ ಅನುಮತಿ ಪತ್ರ ಕೈಯಲ್ಲಿರಲಿ.

ನೆಡುವಾಗ ಹತ್ತು ಹತ್ತರ ಗುಂಪು ಮಾಡು, ಗಿಡಕ್ಕೆ ಗಿಡ ಮೂರು ಮೀಟರ್. ಹೂ ಬಿಡುವ ತನಕ ಗಂಡು ಹೆಣ್ಣು ತಿಳಿಯದು. ದೂರದೂರ ಒಂಟಿಯಾಗಿ ನೆಟ್ಟರೆ ಕಾಯಿಲ್ಲದ ಮರಗಳನ್ನು ಸಾಕಿದ ಹಾಗಾಗುತ್ತದೆ. ಬೇಸಿಗೆಯಲ್ಲೂ ಬತ್ತದ ಹಳ್ಳದ ದಂಡೆ, ಮೇಲೆ ಅರೆನೆರಳು, ಮೊದಲ ಎರಡು ಬೇಸಿಗೆ ನೀರು. ಮೊದಲ ಸಲ ನೂರು ಗಿಡ ಸಾಕು. ಅವುಗಳ ಪಕ್ಕದಲ್ಲೇ ಕೊಡಗಿನದೇ ಬೀಜದ ನೂರು ಗಿಡ ಇರಲೇಬೇಕು, ಇಲ್ಲದಿದ್ದರೆ ಸಿದ್ದಾಪುರದ್ದು ಗೆದ್ದಿತೋ ಸೋತಿತೋ ಯಾವುದಕ್ಕೆ ಹೋಲಿಸಿ ಹೇಳುತ್ತೀ? ಪ್ರತಿ ಗಿಡಕ್ಕೂ ತಾಯಿಮರದ ನಂಬರಿನ ತಗಡು ಕಟ್ಟು. ಮೇ ಕೊನೆಗೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಎಣಿಸು. ಐದು ವರ್ಷ ಹೀಗೇ. ಗುಂಪಿನಿಂದಾಚೆ ತಾನಾಗಿ ಎದ್ದ ಸಸಿ ಕಂಡರೆ ಅದನ್ನೂ ಬರೆದಿಡು. ಅದು ರಾಶಿಗಟ್ಟಲೆ ಏಳತೊಡಗಿದರೆ ಕಿತ್ತುಹಾಕಲು ಆಗ ಇನ್ನೂ ಕೈಯಲ್ಲಿ ಸಮಯ ಇರುತ್ತದೆ. ಅಕೇಶಿಯಾಕ್ಕೆ ನಾವು ಇಂಥದೊಂದು ಪುಸ್ತಕ ಇಡಲಿಲ್ಲ ವಾಣಿ.

ಹಳ್ಳ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ನೀನು ಬರೆದೇ ಇಲ್ಲ. ಬೀಜ ಆರಿಸುವ ಮೊದಲು ಅದನ್ನು ತಿಳಿಸು.

ನಿನ್ನ ದೊಡ್ಡಪ್ಪ